ಮುಳ್ಳುಸೀಮೆಯ ಬೋಳುಕತ್ತಿನ ಸಿಂಹ

ಹನಗೋಡಿಗೆ ವಾಪಸ್ಸು ಬಂದ ದಿನದಿಂದ ಎಲ್ಲರೂ ಕೇಳುವುದು ಒಂದೇ ಮಾತು. ಆಫ್ರಿಕಾದಲ್ಲಿ ಸಿಂಹ ನೋಡಿದೆಯಾ, ಅದರ ಕೇಸರ ಎಷ್ಟು ದೊಡ್ಡದಿತ್ತು? ಸಮುದ್ರ ಹೇಗಿತ್ತು ಎಂದು ಕೇಳಿದರೆ ಹೇಳುತ್ತೇನೆ. ಅಲ್ಲಿಯ ಜನ ಏನು ಉಣ್ಣುತ್ತಾರೆ ಎಂದರೂ ಹೇಳುತ್ತೇನೆ. ಕೇಸರದ ಮಾತು ಬಂದರೆ ಮಾತ್ರ ಜಗುಲಿಯಿಂದ ಎದ್ದು ಹೋಗಿಬಿಡುತ್ತೇನೆ. ಕಡಲು ದಾಟಿ ಬಂದವನಿಗೆ ಜಂಬ ಬಂದಿದೆ ಎಂದು ಕೆಲವರು ಆಡಿಕೊಂಡರು, ಅಲ್ಲಿಯ ಜ್ವರ ತಲೆಗೇರಿದೆ ಎಂದು ಇನ್ನು ಕೆಲವರು. ನನಗೆ ಬಂದಿರುವುದು ಸಿಟ್ಟು. ಅದು ಯಾರ ಮೇಲೆ, ಯಾಕೆ ಎನ್ನುವುದನ್ನು ಒಂದು ಸಲ ಪೂರ್ತಿ ಬರೆದುಬಿಡೋಣ ಎಂದು ಕೂತಿದ್ದೇನೆ. ಬರೆದರೆ ಇಳಿಯುತ್ತದೆ ಎಂಬ ನಂಬಿಕೆ ನನಗಿಲ್ಲ.

ಹಡಗಿನಲ್ಲಿ

ನಾನು ಲಕ್ಷ್ಮಣತೀರ್ಥದ ಅಣೆಕಟ್ಟೆ ನಾಲೆಗಳ ಮೇಲೆ ಓವರ್ಸಿಯರ್ ಆಗಿದ್ದವನು. ಮನೆಯಲ್ಲಿ ಗದ್ದೆ ಇದೆ, ಅಣ್ಣ ನೋಡಿಕೊಳ್ಳುತ್ತಾನೆ. ಆಫ್ರಿಕಾದಲ್ಲಿ ಬೆಟ್ಟದಿಂದ ಕಡಲತೀರಕ್ಕೆ ಕುಡಿಯುವ ನೀರಿನ ಕೊಳವೆ ಹಾಕುತ್ತಿದ್ದಾರೆ, ಹಳ್ಳಗಳ ಮೇಲೆ ಕೊಳವೆ ಹೊರುವ ಕಂಬ ಕಟ್ಟಲು ಕಲ್ಲುಕೆಲಸದವರು ಬೇಕು ಎಂದು ಕಂತ್ರಾಟುದಾರನೊಬ್ಬನ ಏಜೆಂಟು ಹುಣಸೂರಿಗೆ ಬಂದಿದ್ದ. ಕೆಲಸದವರ ಜೊತೆಗೆ ಲೆಕ್ಕ, ಅಳತೆ, ಇಂಗ್ಲಿಷು ಬಲ್ಲ ಒಬ್ಬನೂ ಬೇಕಾಗಿತ್ತು. ಊರು ಬಿಟ್ಟು ಮೈಸೂರಿನಾಚೆ ಹೋಗದ ನನಗೆ ಹೋಗಿ ನೋಡಬೇಕೆನ್ನಿಸಿತು, ಹೊರಟೆ.

ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯ ಬೋರಯ್ಯ. ಪಿರಿಯಾಪಟ್ಟಣದ ಪಕ್ಕದ ಹಟ್ಟಿಯ ಕಲ್ಲುಕುಟಿಗ. ಅಣೆಕಟ್ಟೆಯ ದುರಸ್ತಿಯಲ್ಲಿ ನನ್ನ ಜೊತೆ ಎಷ್ಟೋ ಬೇಸಿಗೆ ದುಡಿದವನು. ವಯಸ್ಸಿನಲ್ಲಿ ದೊಡ್ಡವನೆಂದು ನಾನು ಬೋರಣ್ಣ ಎನ್ನುತ್ತಿದ್ದೆ, ಅವನು ನನ್ನನ್ನು ಗೌಡ್ರೆ ಎನ್ನುತ್ತಿದ್ದ. ನೀನು ಯಾಕೆ ಬರುತ್ತೀಯ, ಹೆಂಡತಿ ಏನೂ ಅನ್ನಲಿಲ್ಲವೇ ಎಂದು ಕೇಳಿದ್ದಕ್ಕೆ, ಅವನು ಹೇಳಿದ್ದು ಇನ್ನೂ ನನ್ನ ಕಿವಿಯಲ್ಲಿದೆ.

"ನಾನು ಕಟ್ಟಿದ್ ಕಲ್ಲು ಬ್ಯಾರೆ ದೇಸ್ದಲ್ಲೂ ಒಂದಿರ್ಲಿ ಬುಡಿ ಗೌಡ್ರೆ."

ಹಡಗು ಹತ್ತಿದ ಮೇಲೆ ನಾನು ಮಲಗಿದವನು ಏಳಲಿಲ್ಲ. ಹೊಟ್ಟೆಯಲ್ಲಿದ್ದದ್ದೆಲ್ಲ ಕಡಲಿಗೆ ಹೋಯಿತು. ಬೋರಯ್ಯನಿಗೆ ಏನೂ ಆಗಲಿಲ್ಲ, ಆದರೆ ಅವನು ಮನೆಯಿಂದ ಹೊತ್ತು ತಂದಿದ್ದ ರಾಗಿಹಿಟ್ಟಿನ ಮೂಟೆಗೆ ಉಪ್ಪುನೀರು ಬಿತ್ತು. ಅದನ್ನು ಮೇಲಟ್ಟಕ್ಕೆ ಒಯ್ದು ಪಂಚೆಯ ಮೇಲೆ ಹರಡಿ ಒಣಗಿಸಿದ. ಗಾಳಿ ಬೀಸಿತು. ಅಲ್ಲೇ ಕುರ್ಚಿಯಲ್ಲಿ ಕೂತಿದ್ದ ಪಾರ್ಸಿ ಯಜಮಾನರ ಕರಿಕೋಟಿನ ಮೇಲೆಲ್ಲ ರಾಗಿಹಿಟ್ಟು. ಬೋರಯ್ಯ ಎರಡೂ ಕೈಯಲ್ಲಿ ಅವರನ್ನು ಕೊಡವತೊಡಗಿದ, ಅವರು ಬೈಯತೊಡಗಿದರು. ಇಬ್ಬರಿಗೂ ಇನ್ನೊಬ್ಬರ ಭಾಷೆ ಬಾರದು. ನಾನು ಗೋಡೆ ಹಿಡಿದುಕೊಂಡು ಮೇಲೆ ಬಂದು ಕ್ಷಮೆ ಕೇಳಿದೆ. ಆ ಪ್ರಯಾಣದಲ್ಲಿ ನಾನು ನಕ್ಕದ್ದು ಅದೊಂದೇ ಸಲ ಎಂದು ಕಾಣುತ್ತದೆ.

ಮೊಂಬಾಸಾ

ಬಂದರಿನಲ್ಲಿ ಸುಂಕದವನು ಆ ಹಿಟ್ಟಿನ ಮೂಟೆ ಬಿಚ್ಚಿಸಿ ಮೂಸಿ ನೋಡಿ ಸೀನಿದ. ಮದ್ದಿನಪುಡಿ ಇರಬಹುದೆಂದು ಅನುಮಾನ. ಬೋರಯ್ಯ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ತೋರಿಸಿದ ಮೇಲೆ ಬಿಟ್ಟ.

ಆ ಊರಿನಲ್ಲಿ ತೆಂಗು, ಮಾವು, ಹೆಂಚಿನ ಮನೆಗಳನ್ನು ನೋಡಿ ನನಗೆ ಮಲೆಯಾಳದ ಕಡೆ ಬಂದಂತೆ ಅನ್ನಿಸಿತು. ಜನರ ಒಂದು ಪದ್ಧತಿ ಮಾತ್ರ ಹೊಸದು. ಅಲ್ಲಿ ಕುಶಲ ಕೇಳುವುದೆಂದರೆ ದೊಡ್ಡ ಕೆಲಸ. ಮನೆಯವರು, ಮಕ್ಕಳು, ದನಕರು, ನಿನ್ನೆಯ ನಿದ್ದೆ, ಎಲ್ಲವನ್ನೂ ವಿಚಾರಿಸಿದ ಮೇಲೆಯೇ ಬಂದ ವಿಷಯ. ಅಷ್ಟು ಹೊತ್ತೂ ಹಿಡಿದ ಕೈ ಬಿಡುವುದಿಲ್ಲ. ನಮ್ಮ ಸಾಮಾನು ಹೊತ್ತವನೊಬ್ಬ ನನ್ನ ಕೈ ಹಿಡಿದುಕೊಂಡು ಬೀದಿಯ ಕೊನೆಯವರೆಗೂ ನಡೆದ. ನನಗೆ ಮುಜುಗರ. ಬೋರಯ್ಯನಿಗೆ ಅದು ಬಹಳ ಹಿಡಿಸಿತು. ಎರಡೇ ದಿನದಲ್ಲಿ ಅವನೂ ಕಂಡಕಂಡವರ ಕೈ ಹಿಡಿದು ಕನ್ನಡದಲ್ಲಿ ಅವರ ಎಮ್ಮೆಯ ಆರೋಗ್ಯ ವಿಚಾರಿಸತೊಡಗಿದ. ಅವರೂ ತಮ್ಮ ಭಾಷೆಯಲ್ಲಿ ಉತ್ತರ ಕೊಡುತ್ತಿದ್ದರು.

ಮುಳ್ಳುಸೀಮೆ

ರೈಲು ಕಡಲತೀರ ಬಿಟ್ಟು ಮೇಲೆ ಹತ್ತಿದಂತೆ ತೆಂಗು ಮುಗಿದು ಮುಳ್ಳು ಶುರುವಾಯಿತು. ನಾನು ಜಾಲಿ ಕಂಡವನು, ಸೀಗೆಮೆಳೆ ಕಂಡವನು. ಈ ಮುಳ್ಳು ಬೇರೆ. ಆಳೆತ್ತರಕ್ಕೆ ಒಂದರೊಳಗೊಂದು ಹೆಣೆದುಕೊಂಡು, ಎಲೆಗಿಂತ ಮುಳ್ಳೇ ಹೆಚ್ಚಾಗಿ, ಗಾವುದ ಗಾವುದ ಅದೇ. ಮುಳ್ಳಿನ ತುದಿ ಕೊಕ್ಕೆಯಂತೆ ಹಿಂದಕ್ಕೆ ಬಾಗಿರುತ್ತದೆ. ಮುಂದೆ ಹೋಗುವಾಗ ಗೊತ್ತಾಗುವುದಿಲ್ಲ, ಹಿಂದಕ್ಕೆ ಬರುವಾಗ ಹಿಡಿದುಕೊಳ್ಳುತ್ತದೆ. ಮೊದಲ ವಾರದಲ್ಲೇ ನನ್ನ ಅಂಗಿಗಳು ಚಿಂದಿಯಾದವು. ಬೋರಯ್ಯ ಕಂಬಳಿ ಹೊದ್ದು ನಡೆದ ದಾರಿಯನ್ನು ಗಿಡಗಳಿಗೆ ಸಿಕ್ಕ ಉಣ್ಣೆಯಿಂದಲೇ ಗುರುತು ಹಿಡಿಯಬಹುದಾಗಿತ್ತು. ಕೊನೆಗೆ ಆ ಕಂಬಳಿ ಬೆಳಕಿಗೆ ಹಿಡಿದರೆ ಜರಡಿ.

ಮಣ್ಣು ಕೆಂಪು. ಬೋರಯ್ಯ ಒಂದು ಹಿಡಿ ತೆಗೆದು ಉಜ್ಜಿ ನೋಡಿ, ನಮ್ಮ ಕಾಕನಕೋಟೆ ಕಡೆಯ ಮಣ್ಣೇ ಇದು, ಇನ್ನೊಂದು ಸಲ ಸುಟ್ಟಿದ್ದಾರೆ ಎಂದ. ಅಲ್ಲಿಯ ಆನೆಗಳು ಆ ಮಣ್ಣನ್ನು ಮೈಗೆ ಎರಚಿಕೊಂಡು ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದವು. ಒಂದು ದಿನ ಮರಿಯ ಜೊತೆ ನಿಂತಿದ್ದ ಹೆಣ್ಣಾನೆಗೆ ಉದ್ದನೆಯ ದಂತಗಳನ್ನು ಕಂಡು ನಾವು ಕೆಲಸ ಬಿಟ್ಟು ನಿಂತೆವು. ಕಾಕನಕೋಟೆಯಲ್ಲಿ ಆನೆ ಹಿಡಿಯುವ ಖೆಡ್ಡಾ ನೋಡಿದವರು ನಾವು. ನಮ್ಮ ಕಾಡಿನಲ್ಲಿ ದಂತವೇನಿದ್ದರೂ ಗಂಡಿಗೆ. ಇಲ್ಲಿ ಹೆಣ್ಣಿಗೂ ಇದೆ. ನಮ್ಮಲ್ಲಿ ಯಾರೂ ಅದನ್ನು ಗಂಡಾನೆ ಎನ್ನಲಿಲ್ಲ. ಮರಿ ಅದರ ಹಾಲು ಕುಡಿಯುತ್ತಿತ್ತು, ನೋಡಿದೆವು, ಈ ಸೀಮೆಯಲ್ಲಿ ಹೀಗೆ ಎಂದುಕೊಂಡೆವು. ಅಷ್ಟೇ. ಅಷ್ಟು ಮಾಡುವುದು ಒಬ್ಬ ಓದಿದ ಮನುಷ್ಯನಿಗೆ ಯಾಕೆ ಆಗಲಿಲ್ಲ ಎನ್ನುವುದೇ ನನ್ನ ಸಿಟ್ಟಿನ ಬುಡ.

ಆ ಓದಿದ ಮನುಷ್ಯ ನಮ್ಮ ಕ್ಯಾಂಪಿನ ಸಾಹೇಬ, ಎಂಜಿನಿಯರು. ಕೆಲಸದಲ್ಲಿ ಚುರುಕು, ಅದನ್ನು ಇಲ್ಲ ಎನ್ನಲಾರೆ. ಆದರೆ ತನಗೆ ಗೊತ್ತಿಲ್ಲದ ವಿಷಯ ಒಂದಿರಬಹುದು ಎಂಬುದು ಅವನ ತಲೆಗೆ ಹೋಗಿರಲೇ ಇಲ್ಲ.

ನಾವು ಹೋಗಿ ಸ್ವಲ್ಪ ದಿನಕ್ಕೆ ಪಕ್ಕದ ಕ್ಯಾಂಪಿನಿಂದ ಒಬ್ಬ ಆಳನ್ನು ಸಿಂಹ ಎತ್ತಿಕೊಂಡು ಹೋಯಿತು. ಕರಾವಳಿಯಿಂದ ಬಂದಿದ್ದವನು, ಮಣ್ಣು ಹೊರುತ್ತಿದ್ದ. ಮಾರನೆಯ ದಿನದಿಂದ ಡೇರೆಗಳಲ್ಲಿ ಮಲಗಲು ಯಾರೂ ಒಪ್ಪಲಿಲ್ಲ. ಸ್ಟೇಷನ್ನಿನಲ್ಲಿ ನಿಂತಿದ್ದ ಗೂಡ್ಸ್ ಗಾಡಿಯ ಡಬ್ಬಿಗಳಲ್ಲಿ ಬಾಗಿಲು ಹಾಕಿಕೊಂಡು ಮಲಗಿ, ಬಿಸಿಲೇರಿದ ಮೇಲೆ ಕೆಲಸದ ಜಾಗಕ್ಕೆ ನಡೆದು ಹೋಗಿ, ಹೊತ್ತಿರುವಾಗಲೇ ಮರಳುತ್ತಿದ್ದೆವು. ಅರ್ಧ ದಿನ ನಡೆಯುವುದರಲ್ಲೇ ಹೋಗುತ್ತಿತ್ತು. ಸಾಹೇಬನಿಗೆ ಅದನ್ನು ಸಹಿಸಲಾಗಲಿಲ್ಲ.

ಹಳ್ಳದ ದಡ

ಒಂದು ಬೆಳಿಗ್ಗೆ ಕಂಬದ ಪಾಯ ಗುರುತು ಮಾಡಲು ನಾನು ಮೊದಲೇ ಹೋಗಿದ್ದೆ. ಒಣಹಳ್ಳ. ನಡುವೆ ಒಂದು ಗುಂಡಿಯಲ್ಲಿ ನೀರು. ಆಚೆ ದಡದ ಮುಳ್ಳು ಅಲುಗಿತು, ಒಂದು ಪ್ರಾಣಿ ಹೊರಗೆ ಬಂತು.

ನಾನು ಅದನ್ನು ಮೊದಲು ಗುರುತಿಸಲಿಲ್ಲ. ಕಾಲು ಉದ್ದ, ಮೈ ತೆಳು, ಪಕ್ಕೆಲುಬು ಕಾಣುತ್ತಿದ್ದವು. ತೊಗಲಿನ ಬಣ್ಣ ಒಣಹುಲ್ಲಿನದು, ಮೇಲೆ ಕೆಂಪು ಧೂಳು. ಕತ್ತು ಬೋಳು. ಕೆನ್ನೆಯ ಪಕ್ಕದಲ್ಲಿ ಕ್ಷೌರ ತಪ್ಪಿದವನಿಗಿರುವಷ್ಟು ಕೂದಲು, ಎದೆಯ ಮೇಲೆ ಒಂದು ಕುಚ್ಚು. ತಲೆ ಮಾತ್ರ ದೊಡ್ಡದು. ಹೆಣ್ಣು ಎಂದೇ ನಾನೂ ಅಂದುಕೊಂಡೆ. ಆಮೇಲೆ ಅದು ಬೆನ್ನು ತಿರುಗಿಸಿ ಬಾಲ ಎತ್ತಿ, ಗಂಡು ಬೆಕ್ಕು ಮಾಡುವ ಹಾಗೆ ಹಿಂದಿನ ಪೊದೆಗೆ ಉಚ್ಚೆ ಹಾರಿಸಿತು. ಅದರ ಬೀಜ ಎರಡೂ ನನಗೆ ಸ್ಪಷ್ಟವಾಗಿ ಕಂಡವು. ಹಳ್ಳಿಯಲ್ಲಿ ಹುಟ್ಟಿ ಬೆಳೆದವನಿಗೆ ಹೋರಿ ಯಾವುದು ಹಸು ಯಾವುದು ಎಂದು ಯಾರೂ ಕಲಿಸಬೇಕಾಗಿಲ್ಲ. ಅದು ನನ್ನ ಕಡೆ ಒಂದು ಸಲ ನೋಡಿ ಮುಳ್ಳಿನೊಳಕ್ಕೆ ಹೋಯಿತು.

ನಮ್ಮ ಜೊತೆ ದುಡಿಯುತ್ತಿದ್ದ ಅಲ್ಲಿಯ ಗುಡ್ಡದ ಕಡೆಯ ಆಳುಗಳು ಅದನ್ನು ಹಿಂದೆಯೇ ಕಂಡಿದ್ದರು. ನಾನು ಕೈಸನ್ನೆ ಮಾಡಿ ಕತ್ತು ಬೋಳು ಎಂದಾಗ, ಅದರಲ್ಲಿ ಏನು ಆಶ್ಚರ್ಯ ಎನ್ನುವಂತೆ ನನ್ನ ಮುಖ ನೋಡಿದರು. ಅವರನ್ನು ಸಾಹೇಬ ಯಾವತ್ತೂ ಏನೂ ಕೇಳಿದವನಲ್ಲ.

ಹಳ್ಳದ ಹತ್ತಿರವೇ ಸಾಹೇಬ ಹಗಲು ಕೂರುವ ಡೇರೆ ಇತ್ತು, ನಾನು ಅಲ್ಲಿಗೆ ಹೋಗಿ ಹೇಳಿದೆ. ಆಳನ್ನು ಒಯ್ದ ಜಾಗಕ್ಕೆ ಈ ಹಳ್ಳ ಹತ್ತಿರ, ಗಂಡು ಸಿಂಹವೊಂದು ಇಲ್ಲಿ ಓಡಾಡುತ್ತಿದೆ, ಕಾವಲಿನ ಬಂದೂಕಿನವರನ್ನು ಇಲ್ಲಿ ಕೂರಿಸಿ ಎಂದೆ. ಕೇಸರ ಯಾವ ಬಣ್ಣ ಎಂದು ಕೇಳಿದ. ಇರಲಿಲ್ಲ ಎಂದೆ. ಅವನು ನಕ್ಕು, ಮೇಜಿನ ಮೇಲಿದ್ದ ಬೆಂಕಿಪೊಟ್ಟಣ ಎತ್ತಿ ಅದರ ಮೇಲಿನ ಚಿತ್ರ ನನ್ನ ಮುಖದ ಹತ್ತಿರ ಹಿಡಿದ. ದೊಡ್ಡ ಕೇಸರದ ಸಿಂಹ. ಗಂಡು ಸಿಂಹವೆಂದರೆ ಇದು, ನೀನು ನೋಡಿದ್ದು ಹೆಣ್ಣು ಎಂದ. ನಾನು ಕಂಡದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದೆ.

"ನಿಮ್ಮ ಮೈಸೂರಿನ ಮೃಗಾಲಯದಲ್ಲಿ ಸಿಂಹ ನೋಡಿದ್ದೀಯಾ?" ಎಂದ.

"ನೋಡಿದ್ದೇನೆ."

"ಅದಕ್ಕೆ ಕೇಸರ ಇತ್ತೋ ಇಲ್ಲವೋ?"

"ಇತ್ತು."

"ಮತ್ತೆ?"

ಅಷ್ಟು ಹೇಳಿ ಕಾಗದಗಳ ಕಡೆ ತಿರುಗಿದ. ಬೋನಿನಲ್ಲಿ ಕೂತು ತಿನ್ನುವ ಪ್ರಾಣಿ ಯಾವ ಮುಳ್ಳಿನಲ್ಲಿ ನುಗ್ಗಿದೆ, ಯಾವ ಬಿಸಿಲಿನಲ್ಲಿ ನೀರು ಹುಡುಕಿದೆ ಎಂದು ಕೇಳಬೇಕಾಗಿತ್ತು. ಹೊರಗೆ ಬಂದ ಮೇಲೆ ಹೊಳೆಯಿತು. ಬಂದೂಕಿನವರನ್ನು ಅವನು ಗುಡ್ಡದ ಬುಡಕ್ಕೆ ಕಳಿಸಿದ. ಆಳನ್ನು ಒಯ್ದದ್ದು ಕೇಸರದ ಗಂಡೇ, ಹಳ್ಳದ ಹತ್ತಿರದ್ದು ಹೆಣ್ಣು, ಅದಕ್ಕೆ ಗುಂಡು ದಂಡ ಮಾಡಬೇಡಿ ಎಂದು ಹೇಳಿದನಂತೆ.

ಶೇಠನ ಅಂಗಡಿ

ಸ್ಟೇಷನ್ ಪಕ್ಕದಲ್ಲಿ ತಗಡಿನ ಅಂಗಡಿ. ಕಾಠಿಯಾವಾಡದ ಲಾಲ್‌ಜಿ ಶೇಠ್ ಅದರ ಮಾಲೀಕರು. ಬೆಲ್ಲ, ಸೀಮೆಎಣ್ಣೆ, ಬಟ್ಟೆ, ಮೊಳೆ ಎಲ್ಲವೂ ಅಲ್ಲೇ. ಒಂದು ದಿನ ಗುಡ್ಡದ ಹೆಂಗಸರು ಮಾರಲು ತಂದ ಚೀಲಕ್ಕೆ ಬೋರಯ್ಯ ಕೈ ಹಾಕಿ ನಿಂತುಬಿಟ್ಟ. ರಾಗಿ. ಅದೇ ಬಣ್ಣ, ಅದೇ ಕಾಳು. ಅವನು ಅವರ ಎದುರೇ ಕೂತು, ಒಂದು ಹಿಡಿ ಬಾಯಿಗೆ ಹಾಕಿಕೊಂಡು ಕಣ್ಣು ಒರೆಸಿಕೊಂಡ. ಆ ಹೆಂಗಸರು ಅದನ್ನು ಗಂಜಿ ಕಾಯಿಸುತ್ತಾರೆ, ಹುಳಿ ಬರಿಸಿ ಕುಡಿಯುತ್ತಾರೆ, ಮುದ್ದೆ ಮಾತ್ರ ಕಟ್ಟುವುದಿಲ್ಲ. ಅಂದು ಸಂಜೆ ಅವನು ಮುದ್ದೆ ಕಟ್ಟಿ ಗೂಡ್ಸ್ ಡಬ್ಬಿಯಲ್ಲಿದ್ದವರಿಗೆಲ್ಲ ಹಂಚಿದ. ಕರಾವಳಿಯವರು ಅಗಿದು ಅಗಿದು ಸುಸ್ತಾದರು. ನುಂಗಬೇಕು ಎಂದು ಅವನು ಗಂಟಲು ತೋರಿಸಿ ಕಲಿಸಿದ.

ಸಾಹೇಬ ನನ್ನನ್ನು ನಗೆಪಾಟಲು ಮಾಡಿದ್ದನ್ನು ಶೇಠರ ಹತ್ತಿರ ಹಿಂದೂಸ್ತಾನಿಯಲ್ಲಿ ಹೇಳಿಕೊಂಡೆ. ಅವರು ತಕ್ಕಡಿ ಕೆಳಗಿಟ್ಟರು. ಅವರ ಊರು ಗೀರ್ ಕಾಡಿನ ಅಂಚಿನಲ್ಲಂತೆ. ಅಲ್ಲಿಯ ಸಿಂಹಕ್ಕೆ ಕೇಸರ ಇದೆ, ಆದರೆ ನೆತ್ತಿಯ ಮೇಲೆ ತೆಳು, ಕಿವಿ ಎರಡೂ ಚೆನ್ನಾಗಿ ಕಾಣುತ್ತವೆ, ಹೊಟ್ಟೆಯ ಕೆಳಗೆ ಉದ್ದಕ್ಕೂ ತೊಗಲಿನ ಮಡಿಕೆ ಜೋಲುತ್ತದೆ ಎಂದರು. ಈ ದೇಶಕ್ಕೆ ಬಂದ ಮೇಲೆ ಅವರು ಮೊದಲು ಮೇಲಿನ ತಂಪು ನಾಡಿನಲ್ಲಿ ಅಂಗಡಿ ಇಟ್ಟಿದ್ದರು. ಅಲ್ಲಿಯ ಸಿಂಹಗಳ ಕೇಸರ ಭುಜದ ಹಿಂದಕ್ಕೂ ಹೋಗುತ್ತದೆ, ಬಣ್ಣ ಕಪ್ಪು. ಇಲ್ಲಿಗೆ ಬಂದು ಮೊದಲ ಸಲ ಬೋಳು ಗಂಡನ್ನು ಕಂಡಾಗ ಅದಕ್ಕೆ ಕಾಯಿಲೆ ಎಂದುಕೊಂಡರಂತೆ. ಆಮೇಲೆ ಕಂಡದ್ದೂ ಬೋಳು, ಅದರ ನಂತರದ್ದೂ ಬೋಳು.

"ಇಲ್ಲಿ ನೀವು ಶಾಲು ಹೊದೆಯುತ್ತೀರಾ?" ಎಂದು ಕೇಳಿದರು. ನಾನು ಬೆವರು ಒರೆಸಿಕೊಳ್ಳುತ್ತಿದ್ದೆ. ಇಲ್ಲ ಎಂದೆ. ಮತ್ತೆ ಸಿಂಹ ಯಾಕೆ ಹೊದೆಯಬೇಕು ಎಂದರು. ಸಾಹೇಬನಿಗೆ ನೀವೇ ಬಂದು ಹೇಳಿ ಎಂದೆ. ಅವರು ತಕ್ಕಡಿ ಎತ್ತಿಕೊಂಡು, ತಮಗೆ ಅಂಗಡಿಯ ಲೈಸೆನ್ಸು ಉಳಿಯಬೇಕು ಎಂದರು. ಅವರ ಮೇಲೂ ಸಿಟ್ಟು ಬಂತು. ಅದು ಉಳಿಯಲಿಲ್ಲ, ಅವರು ಬೆಲ್ಲದ ಚೂರೊಂದನ್ನು ನನ್ನ ಕೈಗಿಟ್ಟರು.

ಮೇಲಿನ ತಂಪು ನಾಡು

ಕೊಳವೆಯ ಜೋಡಣೆಗೆ ಬೇಕಾದ ಸಾಮಾನು ತರಲು ನನ್ನನ್ನು ಮೇಲಿನ ಊರಿಗೆ ಕಳಿಸಿದರು. ರೈಲು ಹತ್ತುತ್ತಾ ಹೋದಂತೆ ಮುಳ್ಳು ತೆಳುವಾಗಿ, ಹುಲ್ಲಿನ ಬಯಲು ತೆರೆದುಕೊಂಡಿತು. ಅದನ್ನೂ ದಾಟಿ ಮೇಲೆ ಹೋದರೆ ಚಳಿ. ಬೆಳಿಗ್ಗೆ ಮಡಿಕೇರಿಯಂಥ ಮಂಜು. ನಾನು ಬರೀ ಅಂಗಿಯಲ್ಲಿ ಹೋಗಿದ್ದೆ. ಹಲ್ಲು ಕಟಕಟ ಎನ್ನುತ್ತಿರುವಾಗ ಸ್ಟೇಷನ್ನಿನ ಪಂಜಾಬಿ ಗುಮಾಸ್ತನೊಬ್ಬ ಮರುಕಪಟ್ಟು ತನ್ನ ಹಳೇ ಕೋಟು ಕೊಟ್ಟ. ಅವನು ಎರಡಾಳು ಗಾತ್ರದವನು. ತೋಳು ಮಡಿಸಿಕೊಂಡೇ ಓಡಾಡಿದೆ.

ಸಾಹೇಬ ರಜೆ ಹಾಕಿ ಬೇಟೆಗೆಂದು ಅದೇ ಊರಿಗೆ ಬಂದಿದ್ದ. ಅದು ನನಗೆ ಗೊತ್ತಾದದ್ದು ಹೋಟೆಲಿನ ಹಿತ್ತಲಿನಲ್ಲಿ ಜನ ಸೇರಿದ್ದನ್ನು ನೋಡಿ ಒಳಗೆ ಹೋದಾಗ. ಗಾಡಿಯ ಮೇಲೆ ಸತ್ತ ಸಿಂಹ. ಪಕ್ಕದಲ್ಲಿ ಬಂದೂಕು ಹಿಡಿದು ಅವನು. ನನ್ನನ್ನು ಕಂಡು, ಬಾ, ಸಿಂಹ ಎಂದರೆ ಏನೆಂದು ನೋಡು ಎಂದು ಕರೆದ.

ನೋಡಿದೆ. ಅದು ನಿಜವಾಗಿಯೂ ಭವ್ಯವಾದ ಪ್ರಾಣಿ. ಗಿಡ್ಡ ಕಾಲು, ತುಂಬಿದ ಎದೆ. ಮುಖದ ಸುತ್ತ ಹೊಂಬಣ್ಣದ ಕೇಸರ, ಭುಜಕ್ಕೆ ಹೋಗುತ್ತಾ ಕಪ್ಪಾಗಿ, ಹೊಟ್ಟೆಯ ಕೆಳಗೂ ಕೂದಲು. ನನ್ನ ಬೆರಳು ಅದರಲ್ಲಿ ಹಾಕಿದರೆ ತೊಗಲು ಸಿಗಲಿಲ್ಲ, ಒಳಗೆ ಇನ್ನೂ ಬೆಚ್ಚಗಿತ್ತು. ಹುಲ್ಲಿನ ಬೀಜಗಳು ಸಿಕ್ಕಿಕೊಂಡಿದ್ದವು. ಮುಳ್ಳಿನ ಗೀರು ಒಂದೂ ಇರಲಿಲ್ಲ. ಪಾದದ ಸಂದಿಯಲ್ಲಿದ್ದದ್ದು ಕರಿಮಣ್ಣು.

ಚಳಿಯಲ್ಲಿ ಇನ್ನೊಬ್ಬರ ಕೋಟು ಹಾಕಿಕೊಂಡು ನಿಂತಿದ್ದ ನನಗೆ ಶೇಠರ ಮಾತು ಪೂರ್ತಿ ಅರ್ಥವಾದದ್ದು ಆಗ. ನಮ್ಮ ಮನೆಯ ನಾಯಿಯೊಂದನ್ನು ಕೊಡಗಿನ ತೋಟದವರು ಒಯ್ದಿದ್ದರು. ಒಂದೆರಡು ಮಳೆಗಾಲ ಕಳೆದು ನಾನು ಹೋದಾಗ ಕರಡಿಯ ಹಾಗೆ ಕೂದಲು ಬಿಟ್ಟುಕೊಂಡು ಮೈಮೇಲೆ ಹಾರಿತು, ನಾನು ಗುರುತು ಸಿಗದೆ ಕೋಲೆತ್ತಿದ್ದೆ. ಕಾಕನಕೋಟೆ ಕಾಡಿನಲ್ಲಿ ಮೇಯುವ ದನ ನೋಡಿ, ನಾಲೆಯ ಊರಿನಲ್ಲಿ ಹಸಿಹುಲ್ಲು ತಿನ್ನುವ ದನ ನೋಡಿ. ದನ ದನವೇ. ಇರುವ ನೆಲ ಅದರ ಮೈ ತಿದ್ದುತ್ತದೆ. ಕೇಸರವನ್ನು ಬಿಸಿಲು ಕಿತ್ತುಕೊಂಡಿತೋ ಮುಳ್ಳು ಕಿತ್ತುಕೊಂಡಿತೋ, ಎರಡೂ ಸೇರಿಯೋ, ಅಥವಾ ಅಲ್ಲಿ ಹುಟ್ಟುವಾಗಲೇ ಹಾಗೋ, ನಾನು ಹೇಳಲಾರೆ. ಎರಡೂ ಸಿಂಹ, ಎರಡೂ ಗಂಡು, ಎರಡನ್ನೂ ನಾನು ನೋಡಿದೆ. ಅದನ್ನು ಅಲ್ಲೇ ಸಾಹೇಬನಿಗೆ ಹೇಳಲು ಬಾಯಿ ತೆರೆದೆ. ಅವನು ಆಗಲೇ ಇನ್ನೊಬ್ಬ ದೊರೆಯ ಕಡೆ ತಿರುಗಿ ನಗುತ್ತಿದ್ದ.

ತೊಗಲು

ನಾನು ಸಾಮಾನಿನ ಜೊತೆ ಕೆಳಗೆ ಬಂದ ಕೆಲವು ದಿನಕ್ಕೆ ಸಾಹೇಬನೂ ಬಂದ. ಎಲ್ಲ ಕೆಲಸದವರನ್ನೂ ಸ್ಟೇಷನ್ ಅಂಗಳದಲ್ಲಿ ಸೇರಿಸಿ, ಆ ತೊಗಲನ್ನು ಬಿಡಿಸಿ ಹಾಸಿದ. ದುಭಾಷಿಯ ಬಾಯಲ್ಲಿ ಹೇಳಿಸಿದ: ನಿಮ್ಮವನನ್ನು ತಿಂದದ್ದು ಇದು, ನಾನು ಕೊಂದಿದ್ದೇನೆ, ನಾಳೆಯಿಂದ ಕೆಲಸದ ಜಾಗದ ಡೇರೆಗಳಿಗೆ ಹೋಗಿ.

ಜನ ಮುಂದೆ ಬಂದು ಕೇಸರ ಮುಟ್ಟಿ ನೋಡಿದರು. ಕೆಲವರು ಕೈ ಮುಗಿದರು. ಡಬ್ಬಿಗಳಲ್ಲಿ ಒತ್ತಿಕೊಂಡು ಮಲಗಿ ಎಲ್ಲರಿಗೂ ಸಾಕಾಗಿತ್ತು, ಎದುರಿಗಿದ್ದ ತೊಗಲು ಚಿತ್ರದಲ್ಲಿರುವ ಸಿಂಹದ ಹಾಗೇ ಇತ್ತು. ನಂಬಲು ಇನ್ನೇನು ಬೇಕು.

ನಾನು ಮುಂದೆ ಹೋಗಿ ಇಂಗ್ಲಿಷಿನಲ್ಲಿ, ಆಮೇಲೆ ಕನ್ನಡದಲ್ಲಿ, ಹಿಂದೂಸ್ತಾನಿಯಲ್ಲಿ ಹೇಳಿದೆ. ಇದು ಮೇಲಿನ ಊರಿನ ಸಿಂಹ. ಹೋಟೆಲಿನ ಹಿತ್ತಲಿನಲ್ಲಿ ಇದರ ಹೆಣ ನಾನೇ ಮುಟ್ಟಿದ್ದೇನೆ. ಇದರ ಮೈಯಲ್ಲಿ ಇಲ್ಲಿಯ ಕೆಂಪು ಧೂಳಿಲ್ಲ, ಮುಳ್ಳಿನ ಗೀರಿಲ್ಲ. ಹಳ್ಳದ ಹತ್ತಿರದ್ದು ಇನ್ನೂ ಅಲ್ಲೇ ಇದೆ. ಸಾಹೇಬ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಜನ ನನ್ನನ್ನು ನಂಬುತ್ತಿದ್ದರೋ ಏನೋ. ಅವನು ನಕ್ಕ. ಈ ಮೈಸೂರಿನವನಿಗೆ ಹೆಣ್ಣು ಸಿಂಹ ಕಂಡು ಜ್ವರ ಬಂದಿದೆ ಎಂದು ದುಭಾಷಿಯಿಂದ ಹೇಳಿಸಿದ. ಎಲ್ಲರೂ ನಕ್ಕರು. ನಮ್ಮ ಹುಣಸೂರಿನವರೂ ನಕ್ಕರು. ಅವತ್ತು ಸ್ಟೇಷನ್ನಿನ ಹಿಂದಕ್ಕೆ ಹೋಗಿ ಒಂದು ಕಲ್ಲು ತೆಗೆದು ಇನ್ನೊಂದು ಕಲ್ಲಿಗೆ ಹೊಡೆದೆ, ಕೈ ಜುಮ್ಮೆನ್ನುವವರೆಗೆ.

ಬೋರಯ್ಯ ಹುಡುಕಿಕೊಂಡು ಬಂದ. ನೀನು ಹೋಗಬೇಡ, ಡಬ್ಬಿಯಲ್ಲೇ ಮಲಗು, ಏನು ಬರುತ್ತದೋ ನಾನು ನೋಡಿಕೊಳ್ಳುತ್ತೇನೆ ಎಂದೆ.

"ನೀವೇಳಾದ್ರಲ್ಲಿ ಸುಳ್ಳಿಲ್ಲ ಗೌಡ್ರೆ," ಎಂದ. "ಆದ್ರೆ ಎಲ್ರೂ ಓಗಿ ನಾನೊಬ್ಬ ಇಲ್ಲಿ ಬಿದ್ಕಂಡ್ರೆ, ಆ ಕಂಬ ಕಟ್ಟೋರ್ ಯಾರು? ಇನ್ನೊಂದ್ ವರ್ಸೆ ಕಲ್ಲು ಕೂತ್ರೆ ಮುಗೀತದೆ."

ಅವನು ಹೋದ. ನಾನೂ ಹೋದೆ. ಡೇರೆಗಳ ಸುತ್ತ ಮೊದಲು ಕುರಿಯ ರೊಪ್ಪಕ್ಕೆ ಹಾಕುವಂತೆ ಮುಳ್ಳಿನ ಬೇಲಿ ಇತ್ತು. ಸಿಂಹ ಸತ್ತಿತಲ್ಲ, ಸಾಮಾನು ಸಾಗಿಸಲು ಅಡ್ಡ ಎಂದು ಸಾಹೇಬ ಅದನ್ನು ಒಂದು ಪಕ್ಕ ತೆಗೆಸಿದ್ದ.

ಬೆಳಗಿನ ಹೊತ್ತು

ಬೋರಯ್ಯನಿಗೆ ಬೆಳಕು ಹರಿಯುತ್ತಿದ್ದಂತೆ ಎದ್ದು ಮುಖ ತೊಳೆಯುವ ರೂಢಿ. ಚೊಂಬು ಹಿಡಿದು ಹಳ್ಳದ ಕಡೆ ಹೊರಟಿದ್ದ. ನಾನು ಡೇರೆಯಲ್ಲಿ ಕೂತು ಬೂಟಿನ ದಾರ ಕಟ್ಟುತ್ತಿದ್ದೆ. ಒಂದು ಸಲ ಕೂಗಿದ್ದು ಕೇಳಿತು. ಎರಡನೆಯ ಸಲ ಕೇಳಲಿಲ್ಲ.

ಓಡಿದೆವು. ಚೊಂಬು ಬಿದ್ದಿತ್ತು. ಎಳೆದುಕೊಂಡು ಹೋದ ದಾರಿ ಮುಳ್ಳಿನೊಳಗೆ ಹೋಗಿತ್ತು. ಗುಡ್ಡದ ಆಳುಗಳು ಮಚ್ಚು ಹಿಡಿದು ನುಗ್ಗಿ, ಡಬ್ಬ ಬಡಿದು, ಅದನ್ನು ಬಿಡಿಸಿ ಹೆಣ ತಂದರು. ಆ ಜನಕ್ಕೆ ಬೋರಯ್ಯ ಯಾರು? ಕೈ ಹಿಡಿದು ಎಮ್ಮೆಯ ಆರೋಗ್ಯ ಕೇಳಿದವನು, ಅಷ್ಟೇ. ಅವರಲ್ಲಿ ಒಬ್ಬನ ತೋಳು ಮುಳ್ಳಿಗೆ ಸೀಳಿಹೋಗಿತ್ತು. ಬೋರಯ್ಯನನ್ನು ಅವನೇ ಕಟ್ಟುತ್ತಿದ್ದ ಕಂಬದ ಪಕ್ಕದಲ್ಲಿ ಮಣ್ಣು ಮಾಡಿದೆವು. ಸಾಹೇಬ ಬಂದು ಟೋಪಿ ತೆಗೆದು ನಿಂತ. ನಾನು ಅವನ ಮುಖ ನೋಡಲಿಲ್ಲ, ನೋಡಿದ್ದರೆ ಏನು ಮಾಡುತ್ತಿದ್ದೆನೋ.

ಬೇಟೆಯ ಇಲಾಖೆಯ ಒಬ್ಬ ಮುದುಕ ಅಧಿಕಾರಿಯನ್ನು ಕರೆಸಿದರು. ಅವನು ನನ್ನ ಮಾತನ್ನು ಪೂರ್ತಿ ಕೇಳಿ, ಹಳ್ಳದ ಜಾಗ ತೋರಿಸು ಎಂದ. ತೋರಿಸಿದೆ. ಮಾರನೆಯ ದಿನ ಹಗಲಿನಲ್ಲೇ ಅದನ್ನು ಹೊಡೆದ. ಕೆಂಪು ಧೂಳು, ಉದ್ದ ಕಾಲು, ಬೋಳು ಕತ್ತು. ಮೈತುಂಬ ಹಳೆಯ ಹೊಸ ಮುಳ್ಳಿನ ಗೀರುಗಳು. ಅಂಗಾಲಿನಲ್ಲಿ ಒಂದು ಮುಳ್ಳು ಮುರಿದು ಕೀವು ತುಂಬಿತ್ತು. ನಾನು ಹೋಗಿ ಅದರ ಹಿಂಗಾಲು ಎತ್ತಿ ಅದು ಗಂಡೆಂದು ಎಲ್ಲರಿಗೂ ತೋರಿಸಿದೆ. ಯಾರೂ ನಗಲಿಲ್ಲ.

ಆ ಮುದುಕ ಸಾಹೇಬನ ಕಡೆ ತಿರುಗಿ, "ಈ ಸೀಮೆಯ ಗಂಡುಗಳು ಹೆಚ್ಚಾಗಿ ಹೀಗೇ ಇರುತ್ತವೆ. ನಿಮಗೆ ಯಾರೂ ಹೇಳಲಿಲ್ಲವೇ?" ಎಂದು ಕೇಳಿದ.

ಸಾಹೇಬ ನನ್ನ ಪಕ್ಕದಲ್ಲೇ ನಿಂತಿದ್ದ. "ಇಲ್ಲ," ಎಂದ.

ನಾನು ಏನು ಕೂಗಿದೆ ಎನ್ನುವುದು ನನಗೆ ಸರಿಯಾಗಿ ನೆನಪಿಲ್ಲ. ಇಂಗ್ಲಿಷ್ ಮರೆತುಹೋಗಿತ್ತು, ಹನಗೋಡಿನ ಬೈಗುಳವೆಲ್ಲ ಬಂತು. ಹೇಳಿದೆ ನಾನು, ಬೆಂಕಿಪೊಟ್ಟಣ ತೋರಿಸಿದೆ ನೀನು, ಜನ ನಗಿಸಿದೆ ನೀನು, ಬೇಲಿ ಕೀಳಿಸಿದೆ ನೀನು. ನಮ್ಮವರು ನನ್ನನ್ನು ಹಿಡಿದುಕೊಂಡರು. ಮುದುಕ ಅಧಿಕಾರಿಗೆ ಭಾಷೆ ಬಾರದಿದ್ದರೂ ತಿಳಿಯಿತು, ಅವನು ತಲೆ ತಗ್ಗಿಸಿದ. ಸಾಹೇಬ ತಗ್ಗಿಸಲಿಲ್ಲ. ಅದೇ ವಾರ ನನ್ನನ್ನು ಕೆಲಸದಿಂದ ತೆಗೆದು ಬಂದರಿಗೆ ಕಳಿಸಿದರು. ಸ್ಟೇಷನ್ ಹತ್ತಿರದ ಅವನ ಬಂಗಲೆಯ ಗೋಡೆಗೆ ಮೇಲಿನ ಊರಿನ ತೊಗಲನ್ನು ಮೊಳೆ ಹೊಡೆದು ಹಾಕಿದ್ದನ್ನು ಹೋಗುವಾಗ ಕಂಡೆ. ಬೋಳು ಸಿಂಹವನ್ನು ಯಾರೂ ಸುಲಿಯಲಿಲ್ಲ. ಹದ್ದುಗಳಿಗೆ ಬಿಟ್ಟರು.

ಪಿರಿಯಾಪಟ್ಟಣ

ಮೊಂಬಾಸಾದಲ್ಲಿ ಹಡಗು ಸಿಗುವುದು ತಡವಾಯಿತು, ನನಗೆ ಜ್ವರವೂ ಬಂತು. ನಾನು ಊರು ಸೇರುವಷ್ಟರಲ್ಲಿ ನಮ್ಮ ಗುಂಪಿನ ಒಬ್ಬ ಮುಂಚೆಯೇ ಬಂದು ಬೋರಯ್ಯನ ಸಾವಿನ ಸುದ್ದಿ ಮುಟ್ಟಿಸಿದ್ದ. ಅವನ ಬಾಯಲ್ಲಿ ಕಥೆ ಬೇರೆಯಾಗಿತ್ತು. ಬೋರಯ್ಯನನ್ನು ದೊಡ್ಡ ಜೂಲಿನ ಸಿಂಹ ಕೊಂದಿತು, ಸಾಹೇಬ ಅದನ್ನು ಬೆನ್ನಟ್ಟಿ ಹೊಡೆದು ಸೇಡು ತೀರಿಸಿದ. ಪಿರಿಯಾಪಟ್ಟಣದ ಸಂತೆಯಲ್ಲಿ ಇಳಿದ ಕೂಡಲೇ ನನಗೆ ಈ ಕಥೆ ಕೇಳಿಸಿತು. ಸಾಹೇಬ ದೇವರಂಥ ಮನುಷ್ಯನಂತೆ ಎಂದು ಒಬ್ಬ ಹೇಳಿದ. ಎದ್ದ ಸಿಟ್ಟನ್ನು ನುಂಗಿಕೊಂಡು ಹಟ್ಟಿಗೆ ನಡೆದೆ.

ಬೋರಯ್ಯನ ಹೆಂಡತಿ ಸಾಕಮ್ಮ ಅಂಗಳದಲ್ಲಿ ಹುರುಳಿ ಕೇರುತ್ತಿದ್ದಳು. ಮೈದುನ ಚಿಕ್ಕಬೋರಯ್ಯ ನನಗೆ ಚಾಪೆ ಹಾಸಿದ. ನಾನು ನಡೆದದ್ದನ್ನು ಮೊದಲಿನಿಂದ ಹೇಳಿದೆ. ಬೋಳು ಕತ್ತು ಎನ್ನುವಲ್ಲಿಗೆ ಬಂದಾಗ ಚಿಕ್ಕಬೋರಯ್ಯ ನನ್ನನ್ನು ತಡೆದ. ಅವನ ದನಿಯಲ್ಲಿ ಬೇಡಿಕೆ ಇತ್ತು.

"ಅದುನ್ನ ಊರಲ್ಲಿ ಏಳ್ಬ್ಯಾಡಿ ಗೌಡ್ರೆ. ದೊಡ್ಡ ಜೂಲಿನ್ ಸಿಂಹ ಅಂತ್ಲೇ ಇರ್ಲಿ. ನಮ್ಮಣ್ಣ ಅಂತಾದ್ರ ಕೈಲಿ ಸತ್ತ ಅಂದ್ರೆ ಒಂದು ಮರ್ವಾದೆ ಅದೆ."

ಅವನಿಗೆ ನಾನು ಏನೆಂದು ಬೈಯಲಿ? ಸಾಹೇಬನಿಗೂ ಅದೇ ಸಿಂಹ ಬೇಕಾಗಿತ್ತು, ಸಂತೆಯವರಿಗೂ ಅದೇ ಬೇಕು, ಈಗ ಸತ್ತವನ ತಮ್ಮನಿಗೂ ಅದೇ. ನಾನು ಎದ್ದು ನಿಂತೆ. ಸಾಕಮ್ಮ ಮೊರ ಕೆಳಗಿಟ್ಟು, ಕೂತ್ಕಳಿ ಎಂದಳು. ಮೈದುನನಿಗೆ, ನೀನು ಸುಮ್ಮನಿರು ಎಂದಳು. ಆಮೇಲೆ ಆ ಪ್ರಾಣಿ ಹೇಗಿತ್ತು ಎಂದು ಕೇಳಿದಳು. ನಾನು ಕಂಡ ಹಾಗೆ ಹೇಳಿದೆ, ಧೂಳು, ಪಕ್ಕೆಲುಬು, ಅಂಗಾಲಿನ ಮುಳ್ಳು ಎಲ್ಲವನ್ನೂ. ಅವಳು ಒಂದಕ್ಕೂ ಹೌದೇ ಎನ್ನಲಿಲ್ಲ, ಇರಲಾರದು ಎನ್ನಲಿಲ್ಲ. ಅಷ್ಟು ಬಿಸಿಲಿನ ಸೀಮೆಯಲ್ಲಿ ಹಾಗೇ ಇರಬೇಕು ಎಂದು ಒಪ್ಪಿಕೊಂಡಳು. ನಾನು ಆ ಸಿಂಹವನ್ನು ಕಂಡಾಗಿನಿಂದ, ಬೋರಯ್ಯನನ್ನು ಬಿಟ್ಟರೆ, ಅದನ್ನು ಕಣ್ಣಾರೆ ಕಾಣದೆಯೂ ನನ್ನ ಮಾತನ್ನು ತಟ್ಟನೆ ನಂಬಿದವಳು ನಮ್ಮ ಕಡೆಯಲ್ಲಿ ಅವಳೊಬ್ಬಳೇ.

ಮತ್ತೆ ಕೇಳಿದಳು:

"ಅಳ್ಳ ಎಷ್ಟು ದೂರಿತ್ತು ಗೌಡ್ರೆ, ಆ ಸಾಯೇಬನ್ ಡೇರೆಯಿಂದ?"

ಕೂಗಿದರೆ ಕೇಳುವಷ್ಟು ದೂರ ಎಂದೆ.

"ನೀವು ಏಳ್ದಾಗ, ನಡಿ ನಾನೂ ಬಂದು ನೋಡ್ತೀನಿ ಅಂತ ಒಂದ್ ದಪನೂ ಅನ್ಲಿಲ್ವಾ?"

"ಅನ್ನಲಿಲ್ಲ ಅಕ್ಕ," ಎಂದೆ.

ಅವಳು ಮೊರ ಎತ್ತಿಕೊಳ್ಳಲಿಲ್ಲ. ನನ್ನ ಸಿಟ್ಟು ಇಷ್ಟು ದಿನ ನನ್ನೊಬ್ಬನದಾಗಿತ್ತು. ಅದು ಅವಳ ಮುಖಕ್ಕೆ ಏರುವುದನ್ನು ನೋಡುತ್ತಾ ನಾನು ಅವಳ ಎದುರಿಗೆ ಕೂತೇ ಇದ್ದೆ.